ಗದ್ದೆಯಾದ ಕೆರೆಯ ಜಾಡು ಹಿಡಿಯೋದು ಹೇಗೆ?

ಮಂಡ್ಯ ಸೀಮೆಯ ಕೆಲವು ಊರುಗಳಲ್ಲಿ 'ಕೆರೆ ಬಯಲು' ಅಂತ ಕರೆಯುವ ಜಾಗ ಇರುತ್ತದೆ. ಹೋಗಿ ನೋಡಿದರೆ ಕಬ್ಬು, ಇಲ್ಲವೇ ಭತ್ತ. ಕೆರೆ ಎಲ್ಲಿ ಹೋಯ್ತು? ನಿಮ್ಮೂರಲ್ಲೂ ಹೀಗಿದ್ದರೆ ದಯವಿಟ್ಟು ಈಗಲೇ ಹುಡುಕಲು ಶುರು ಮಾಡಿ, ಯಾಕಂದ್ರೆ ಅದನ್ನು ಕಂಡವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಮೊದಲು ಗ್ರಾಮ ನಕಾಶೆ ತೆಗೆಸಿ. ಕೆರೆ ಬತ್ತಿ ಎಷ್ಟೋ ವರ್ಷವಾದರೂ ಹಳೇ ನಕಾಶೆಯಲ್ಲಿ ಅದರ ಗೆರೆ ಉಳಿದಿರಬಹುದು. ಆಮೇಲೆ ಆ ಜಾಗದಲ್ಲೇ ನಿಂತು ದಿಶಾಂಕ್ ಆಪ್ ತೆರೆಯಿರಿ, ಸರ್ವೆ ನಂಬರ್ ಸಿಗುತ್ತದೆ. ಇವತ್ತಿನ ಪಹಣಿ ಒಂದನ್ನೇ ನಂಬಬೇಡಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದಿರುವ ದಾಖಲೆ) ಕೇಳಿ. ಎರಡು ಮೂರು ಸಲ ಅಲೆಯಬೇಕಾಗಬಹುದು, ಬಿಡಬೇಡಿ. ಹಳೇ ಕಾಗದದಲ್ಲಿ 'ಇರ್ವಿನ್ ನಾಲೆ' ಅಂತ ಕಂಡರೆ ಗೊಂದಲ ಬೇಡ, ಅದು ಈಗಿನ ವಿಶ್ವೇಶ್ವರಯ್ಯ ನಾಲೆ.

ಇನ್ನು ಹಿರಿಯರು. 'ಯಾವ ಇಸವಿ?' ಅಂತ ಕೇಳಿದರೆ ಉತ್ತರ ಬರಲ್ಲ. 'ನಾಲೆ ನೀರು ಬರೋಕೆ ಮುಂಚೇನಾ, ಆಮೇಲಾ?' ಅಂತ ಕೇಳಿ. ಈ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು 1930ರ ದಶಕದ ಶುರುವಿನಲ್ಲಿ. ಹಾಗಾಗಿ ಅಪ್ಪ, ಅಜ್ಜ ಹೇಳಿದ್ದೂ ಬೇಕು. ನಾಲೆ ಬಂದ ಮೇಲೆ ಕೆರೆ ಹೂಳೆತ್ತೋದು ನಿಂತಿತಾ? ಏರಿ (ಕೆರೆಯ ದಂಡೆ) ಒಡೆದರಾ, ತೂಬು (ಕೆರೆ ನೀರು ಹೊರಬಿಡುವ ಕಿಂಡಿ) ತೆರೆದು ಹಾಗೇ ಬಿಟ್ಟರಾ, ಅಥವಾ ಹೂಳು ತುಂಬಿದಂತೆಲ್ಲಾ ಅಂಚಿನಿಂದ ಒಂದೊಂದೇ ಗದ್ದೆ ಒಳಗೆ ಬಂತಾ? ಹೆಂಗಸರನ್ನು ಮರೆಯಬೇಡಿ. ಬಟ್ಟೆ ಒಗೆದ ಕಲ್ಲು ಎಲ್ಲಿತ್ತು, ಕೆರೆ ಹೋದ ಮೇಲೆ ಯಾವ ಬಾವಿ ಮೊದಲು ಬತ್ತಿತು ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು. ಗದ್ದೆಗಳಿಗೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರು ಸಿಕ್ಕರೆ ಅರ್ಧ ದಿನ ಅಲ್ಲೇ ಕೂತುಬಿಡಿ. ಯಾವ ಹಕ್ಕಿ ಬರುತ್ತಿದ್ದವು ಅಂತಲೂ ಕೇಳಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು (ಪೆಲಿಕನ್) ಮೀನಿಗೆ ಸುತ್ತಲಿನ ಕೆರೆಗಳಿಗೆ ಹೋಗುತ್ತವೆ, ಒಂದು ಕೆರೆ ಗದ್ದೆಯಾದರೆ ಅವಕ್ಕೆ ಒಂದು ಊಟದ ಜಾಗ ಕಡಿಮೆಯಾದಂತೆ.

ಕೊನೆಗೆ ಗದ್ದೆಗೆ ಇಳಿಯಿರಿ. ನಾನು ಹೋದ ಕಡೆ ಕಬ್ಬಿನ ನಡುವೆ ಎರಡು ಕಲ್ಲುಕಂಬ ನಿಂತಿದ್ದವು. ಮೇಲೊಂದು ಅಡ್ಡಗಲ್ಲು, ಅದರಲ್ಲೊಂದು ತೂತು. ಕರು ಕಟ್ಟುವ ಕಂಬ ಅಂದುಕೊಂಡಿದ್ದೆ, ಅದೇ ತೂಬು! ಪಕ್ಕದಲ್ಲಿ ಮೊಳದಾಳ ಅಗೆದಾಗ ಮೇಲಿನ ಕೆಂಪು ಮಣ್ಣು ಹೋಗಿ ಬೂದುಗಪ್ಪು ಗೋಡು, ಅಂದರೆ ಕೆರೆಯ ಹೂಳುಮಣ್ಣು ಬಂತು. ಅದರೊಳಗೆ ಬೆರಳುಗುರಿನಷ್ಟು ಬಿಳೀ ಬಸವನಹುಳದ ಚಿಪ್ಪುಗಳು. ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಟ್ಟೆ.

ಜೋರು ಮಳೆಯ ಮಾರನೇ ದಿನ ಮತ್ತೆ ಹೋಗಿ. ನೀರು ಎಲ್ಲೆಲ್ಲಿ ನಿಂತಿದೆ ಅಂತ ಏರಿ ಮೇಲಿಂದ ಫೋಟೋ ತೆಗೆದು ನಕಾಶೆಗೆ ಹೋಲಿಸಿ. ಅಲ್ಲಿ ಉಳುವವರಿಗೆ ಮೊದಲೇ ಹೇಳಿ ಹೋಗಿ, ಜಮೀನು ಬಿಡಿಸೋಕೆ ಬಂದಿದ್ದೀರಿ ಅಂತ ಅವರು ಹೆದರಬಾರದು ಅಲ್ವಾ. ನಕಾಶೆಯ ಒಂದು ಜೆರಾಕ್ಸ್ ಅವರಿಗೂ ಕೊಡಿ.