ಹೊಟ್ಟೆ ತುಂಬಿದ ಮೇಲೂ ಕೈ ನಿಲ್ಲುತ್ತಿಲ್ಲವಾ? ಮರುದಿನ ಉಪವಾಸ ಮಾಡಬೇಡಿ

ಹೊಟ್ಟೆ ಬಿರಿಯುವಷ್ಟು ತುಂಬಿದೆ, ರುಚಿಯೂ ಗೊತ್ತಾಗುತ್ತಿಲ್ಲ, ಆದರೂ ಒಬ್ಬರೇ ಕೂತು ಗಬಗಬ ತಿನ್ನುತ್ತಲೇ ಇದ್ದೀರಿ. ಎಲ್ಲ ಖಾಲಿಯಾದ ಮೇಲೆ ನಾಚಿಕೆ. ‘ನಾಳೆ ಏನೂ ತಿನ್ನಲ್ಲ’ ಅಂತ ಶಪಥ. ಆ ಶಪಥವೇ ಮುಂದಿನ ಸಲಕ್ಕೆ ದಾರಿ ಮಾಡುತ್ತದೆ.

ಯಾವಾಗಲೋ ನಾಲ್ಕು ತುತ್ತು ಜಾಸ್ತಿ ತಿಂದರೆ ಅದು ಕಾಯಿಲೆಯಲ್ಲ, ಎಲ್ಲರೂ ತಿನ್ನುತ್ತಾರೆ. ಆದರೆ ನಿಲ್ಲಿಸೋಕೆ ಆಗಲ್ಲ ಅನ್ನಿಸುವಂತೆ ತಿನ್ನುವುದು ವಾರಕ್ಕೆ 1 ಸಲವಾದರೂ ಆಗಿ, 3 ತಿಂಗಳು ಹಾಗೇ ನಡೆದು, ಮನಸ್ಸಿಗೆ ಹಿಂಸೆ ಕೊಡುತ್ತಿದ್ದರೆ ಅದು ಬಿಂಜ್ ಈಟಿಂಗ್ ಕಾಯಿಲೆ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಸೇರಿಸಿಕೊಂಡಿದೆ. ದಪ್ಪ ಇರುವವರಿಗೆ ಮಾತ್ರ ಬರುವುದಲ್ಲ. ಬಾಯಿಚಪಲವೂ ಅಲ್ಲ.

ಹಸಿವಿನ ಶಕ್ತಿ ಎಂಥದ್ದು ಅಂತ ತಿಳಿಯಲು ಅಮೆರಿಕದ ಮಿನೆಸೋಟದಲ್ಲಿ ನಡೆದ ಪ್ರಯೋಗ ನೋಡಿ. 1944-45ರಲ್ಲಿ 36 ಆರೋಗ್ಯವಂತ ಯುವಕರಿಗೆ ಸುಮಾರು 6 ತಿಂಗಳು ಊಟ ಅರ್ಧದಷ್ಟು ಇಳಿಸಿದರು. ಅವರಿಗೆ ದಿನವಿಡೀ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯೇ ಆಗಲಿಲ್ಲ. ಅವರೆಲ್ಲ ಮನಸ್ಸು ಗಟ್ಟಿ ಇಲ್ಲದವರಾಗಿದ್ದರಾ? ಇಲ್ಲ, ಹಸಿದಿದ್ದರು ಅಷ್ಟೇ.

ಹಾಗಾಗಿ ರಾತ್ರಿ ಎಷ್ಟೇ ತಿಂದಿರಲಿ, ಬೆಳಗ್ಗೆ ತಿಂಡಿ ಬಿಡಬೇಡಿ. ಇದು ತುಂಬಾ ಕಷ್ಟ, ಭಯವೂ ಆಗುತ್ತದೆ, ಆದರೂ ಮೊದಲು ಮಾಡಬೇಕಾದ್ದು ಇದನ್ನೇ. ದಿನಕ್ಕೆ 3 ಊಟ, ನಡುವೆ ಚಿಕ್ಕದಾಗಿ ಏನಾದರೂ. ಎಚ್ಚರ ಇರುವಾಗ 4 ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಇಡಬೇಡಿ. ‘ಇದನ್ನು ಇನ್ನು ಮುಟ್ಟಲ್ಲ’ ಅಂತ ಯಾವುದನ್ನೂ ದೂರ ಇಡಬೇಡಿ, ದೂರ ಇಟ್ಟಷ್ಟೂ ಮನಸ್ಸು ಅಲ್ಲಿಗೇ ಹೋಗುತ್ತದೆ, ಅಲ್ವಾ?

ಹಸಿವೊಂದೇ ಕಾರಣ ಅಂತಲೂ ಅಲ್ಲ. ಜಗಳ, ಒಂಟಿತನ, ಬೇಸರ ಇವೂ ಎಳೆಯುತ್ತವೆ, ಯಾಕೆಂದರೆ ತಿನ್ನುವಷ್ಟು ಹೊತ್ತು ನೋವು ಮರೆಯುತ್ತದೆ. ನಿದ್ದೆಗೆಟ್ಟರೂ ಹಸಿವು ಹೆಚ್ಚುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಒಂದು ಪುಸ್ತಕ ಇಡಿ. ಕ್ಯಾಲೊರಿ ಲೆಕ್ಕ ಬೇಡ. ಎಷ್ಟು ಗಂಟೆಗೆ ತಿಂದೆ, ಅದಕ್ಕೆ ಮುಂಚೆ ಏನಾಯಿತು, ಕೊನೆಯ ಊಟ ಯಾವಾಗ ಆಗಿತ್ತು, ಇಷ್ಟು ಸಾಕು. ಎರಡು ವಾರ ಬರೆದರೆ ಒಂದು ಜಾಡು ಕಾಣಲು ಶುರುವಾಗುತ್ತದೆ.

ತಿಂದ ಮೇಲೆ ಬೇಕಂತಲೇ ವಾಂತಿ ಮಾಡುತ್ತಿದ್ದರೆ, ಭೇದಿ ಮಾತ್ರೆ ನುಂಗುತ್ತಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಅದು ಹೃದಯಕ್ಕೂ ಅಪಾಯ. ಉಳಿದವರೂ ತಿಂಗಳುಗಟ್ಟಲೆ ಒಬ್ಬರೇ ಒದ್ದಾಡಬೇಕಿಲ್ಲ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ. ಬಾಯಿಬಿಟ್ಟು ಹೇಳೋಕೆ ಆಗದಿದ್ದರೆ ಅದನ್ನೇ ಕೈಗೆ ಕೊಡಿ.