ಸ್ಕ್ರೀನ್ ರೀಡರ್‌ಗೆ ಅರ್ಥವಾಗುವಂತೆ ಕನ್ನಡ ಹಾಕುವುದು ಹೇಗೆ?

ಕಣ್ಣು ಕಾಣದವರಲ್ಲಿ ಅನೇಕರು ಫೋನು, ಕಂಪ್ಯೂಟರ್‌ನಲ್ಲಿ ಓದುವುದು ಕಿವಿಯಿಂದ. ಕಂಪ್ಯೂಟರ್‌ನ ಎನ್‌ವಿಡಿಎ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಬರಹ ಎಷ್ಟು ಚಂದ ಕಾಣುತ್ತದೆ ಅನ್ನೋದು ಅದಕ್ಕೆ ಬೇಕಿಲ್ಲ, ಒಳಗಿರುವ ಅಕ್ಷರ ಸರಿ ಇರಬೇಕು ಅಷ್ಟೇ.

ಮೊದಲು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳನ್ನು ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಸಂಕೇತ ವ್ಯವಸ್ಥೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡವೇ, ಆದರೆ ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ, ಹಾಗಾಗಿ ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಒದರುತ್ತದೆ. ಹಳೆ ಫೈಲನ್ನು ಕನ್ವರ್ಟರ್‌ಗೆ ಹಾಕಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಯೂನಿಕೋಡ್‌ನಲ್ಲೂ ಒಂದು ಕಿತಾಪತಿ ಇದೆ. ಅನುಸ್ವಾರ ಇರಬೇಕಾದ ಕಡೆ ಸೊನ್ನೆ ಅಂಕಿ! ‘ಬಂತು’, ‘ಬ೦ತು’ ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ಎರಡನೆಯದರಲ್ಲಿ ಪದದ ನಡುವೆ ಅಂಕಿ ನುಗ್ಗಿದೆ, ಹಾಗಾಗಿ ಕೇಳುವಾಗ ಪದ ಮುರಿಯುತ್ತದೆ, ಹುಡುಕಿದರೂ ಸಿಗುವುದಿಲ್ಲ. ಇದನ್ನು ತಿದ್ದುವಾಗ ‘ರಿಪ್ಲೇಸ್ ಆಲ್’ ಒತ್ತಿಬಿಡಬೇಡಿ, ೨೦೨೪ರಂಥ ಇಸವಿಗಳೂ ಕೆಟ್ಟುಹೋಗುತ್ತವೆ.

ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಮಾಡಿದರೆ ಅದು ಹೆಡ್ಡಿಂಗ್ ಆಗುವುದಿಲ್ಲ. ಎಡಿಟರ್‌ನಲ್ಲೇ ಹೆಡ್ಡಿಂಗ್ ಸ್ಟೈಲ್ ಇರುತ್ತದೆ, ಅದನ್ನು ಆರಿಸಿ. ಆಗ ಎನ್‌ವಿಡಿಎ ಬಳಸುವವರು ವೆಬ್ ಪುಟದಲ್ಲಿ ಎಚ್ ಕೀ ಒತ್ತಿ ಒಂದು ಹೆಡ್ಡಿಂಗಿನಿಂದ ಇನ್ನೊಂದಕ್ಕೆ ಜಿಗಿಯಬಹುದು, ಇಲ್ಲದಿದ್ದರೆ ಪಾಪ, ಬೇಕಾದ ಜಾಗ ಸಿಗುವ ತನಕ ಎಲ್ಲವನ್ನೂ ಕೇಳುತ್ತಾ ಕೂರಬೇಕು.

ಲಿಂಕಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಬೇಡ. ಲಿಂಕುಗಳನ್ನಷ್ಟೇ ಪಟ್ಟಿ ಮಾಡಿಸಿಕೊಂಡು ಕೇಳುವವರಿದ್ದಾರೆ, ಅವರಿಗೆ ಹತ್ತು ಸಲ ‘ಇಲ್ಲಿ’ ಅಂದರೆ ಎಲ್ಲಿ ಅಂತ ಗೊತ್ತಾಗಬೇಕು? ‘ಪಿಂಚಣಿ ಅರ್ಜಿ ನಮೂನೆ’ ಅಂತ ಬರೆಯಿರಿ.

ಕಾರ್ಯಕ್ರಮದ ಪೋಸ್ಟರ್ ಹಾಕಿ ಸುಮ್ನೆ ‘ಎಲ್ಲರೂ ಬನ್ನಿ’ ಅಂದರೆ ಸಾಲದು. ಪೋಸ್ಟರ್ ಚಿತ್ರದೊಳಗಿರುವ ದಿನ, ಹೊತ್ತು, ಜಾಗ ಎಲ್ಲವನ್ನೂ ಕೆಳಗೆ ಟೈಪ್ ಮಾಡಿ. ಫೋಟೋಗೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲೇನಿದೆ ಎಂದು ಹೇಳುವ ಪುಟ್ಟ ವಿವರಣೆ) ಬರೆಯುವಾಗ ‘ಇದೊಂದು ಚಿತ್ರ’ ಅಂತ ಶುರುಮಾಡಬೇಕಿಲ್ಲ, ಅಷ್ಟನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ಎಮೋಜಿ ಸಾಲುಸಾಲಾಗಿ ಬೇಡ, ಅವಕ್ಕೂ ಹೆಸರುಗಳಿವೆ, ಅವನ್ನೂ ಓದುತ್ತದೆ.

ಹಾಕುವ ಮೊದಲು ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಕೇಳಿ ನೋಡಿ. ಒಂದು ಮಾತು: ಅದು ಆನ್ ಆದ ಮೇಲೆ ಯಾವ ಬಟನ್ ಒತ್ತಬೇಕಾದರೂ ಮೊದಲು ಮುಟ್ಟಿ, ಆಮೇಲೆ ಎರಡು ಸಲ ತಟ್ಟಬೇಕು. ಗೊತ್ತಿಲ್ಲದೆ ಫೋನ್ ಕೆಟ್ಟಿತು ಅಂತ ಗಾಬರಿಯಾದವರಲ್ಲಿ ನಾನೂ ಒಬ್ಬ.