ಬೆಳಗಿನ ಗಾಳಿ ಕೆಳಗೆ ಇಳಿಯುತ್ತೆ, ನಾನೂ ಕೆಳಗೇ ಕೂತೆ

ಕಾಡುಮೇಕೆಯ ಫೋಟೋ ಬೇಕಾದರೆ ಮೇಲಿಂದ ಹೋಗಬೇಕು. ಬೆಟ್ಟದಲ್ಲಿ ಕ್ಯಾಮೆರಾ ಹೊತ್ತು ಓಡಾಡುವವರೆಲ್ಲ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಅಪಾಯ ಬಂದರೆ ಕೆಳಗಿಂದಲೇ ಅಂತ ಅವು ಸದಾ ಕೆಳಗೇ ಕಣ್ಣಿಟ್ಟಿರುತ್ತವೆ, ಅದಕ್ಕೇ ಸುತ್ತು ಹಾಕಿ ಮೇಲೆ ಹತ್ತಿ ಇಳಿದು ಬಾ ಅಂತ. ಮಾತು ಸುಳ್ಳಲ್ಲ. ಆದರೆ ನಸುಕಿನಲ್ಲಿ ನನಗೆ ಒಂದು ಸಲವೂ ಕೈಹಿಡಿಯಲಿಲ್ಲ.

ಎರಡು ವರ್ಷದಲ್ಲಿ ಏನಿಲ್ಲವೆಂದರೂ ಹದಿನೈದು ಸಲ ಹತ್ತಿದ್ದೇನೆ. ರಾತ್ರಿ 2 ಗಂಟೆಗೆ ಹೊರಟು, ಹುಲ್ಲುಗಾವಲಿನ ಮೇಲಿನ ಬಂಡೆ ಸೇರಿ, ಹಲ್ಲು ಕಚ್ಚಿಕೊಂಡು ಕಾಯುವುದು. ಬೆಳಕು ಹರಿದಾಗ ಹುಲ್ಲು ಖಾಲಿ. ಇಳಿದು ನೋಡಿದರೆ ಹೊಸ ಹಿಕ್ಕೆ, ಮುಟ್ಟಿದರೆ ಇನ್ನೂ ಹಸಿ. ಅಂದರೆ ನಾನು ಬರುವವರೆಗೂ ಅಲ್ಲೇ ಇದ್ದವು.

ನಾನು ತಪ್ಪನ್ನು ಲೆನ್ಸಿನ ಮೇಲೆ ಹಾಕಿದೆ. ದೂರದಿಂದಲೇ ತೆಗೆದರಾಯ್ತು ಅಂತ 150-600 ಎಂಎಂ ಜೂಮ್ ಲೆನ್ಸ್ ಕೊಂಡೆ. ಎರಡು ತಿಂಗಳ ಸಂಬಳ ಹೋಯ್ತು. ಹತ್ತಿರ ಹತ್ತಿರ 2 ಕೆಜಿ ಭಾರ. ಪೂರ್ತಿ ಜೂಮ್ ಮಾಡಿದರೆ, ಅಂದರೆ 600ರಲ್ಲಿ, ಲೆನ್ಸಿನ ಕಿಂಡಿ ತೆರೆಯೋದು ಎಫ್ 6.3ರಷ್ಟೇ, ಒಳಗೆ ಬರುವ ಬೆಳಕು ಕಡಿಮೆ, ಆ ಮಬ್ಬು ಬೆಳಕಿಗೆ ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12800 ದಾಟಬೇಕು. ಬಂದ ಫೋಟೋಗಳಲ್ಲಿ ಮೇಕೆಗಿಂತ ಗ್ರೇನ್, ಅಂದರೆ ಮರಳಿನಂಥ ಚುಕ್ಕೆ, ಜಾಸ್ತಿ. ವರ್ಷದೊಳಗೆ ಅರ್ಧ ಬೆಲೆಗೆ ಮಾರಿದೆ. ಆ ನಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ದಾರಿ ಸಿಕ್ಕಿದ್ದು ಒಂದು ಚಳಿಯ ಬೆಳಗ್ಗೆ. ಸುಸ್ತಾಗಿ ನಿಂತಿದ್ದೆ. ಟಾರ್ಚ್ ಬೆಳಕಿನಲ್ಲಿ ನನ್ನ ಉಸಿರಿನ ಹಬೆ ಕಾಣುತ್ತಿತ್ತು. ಅದು ಬಾಯಿಂದ ಹೊರಬಂದು, ಒಂದು ಕ್ಷಣ ನಿಂತು, ನಿಧಾನವಾಗಿ ಇಳಿಜಾರಿನ ಕಡೆಗೆ ಹರಿದು ಹೋಯಿತು. ಮತ್ತೆ ಊದಿದೆ. ಮತ್ತೆ ಕೆಳಕ್ಕೇ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋದೇ ಅಲ್ವಾ. ಆದರೆ ನನ್ನ ಮೈವಾಸನೆಯೂ ಅದರ ಜೊತೆ ಸೀದಾ ಮೇಕೆಗಳ ಮೂಗಿಗೆ ಇಳಿಯುತ್ತಿದೆ ಅಂತ ಎರಡು ವರ್ಷ ಹೊಳೆದೇ ಇರಲಿಲ್ಲ.

ಮುಂದಿನ ಸಲ ಕೆಳಗೇ ಕೂರುತ್ತೇನೆ ಅಂದೆ. ಜೊತೆಗಾರರು ಒಪ್ಪಲಿಲ್ಲ. 'ನೋಡಿದ ತಕ್ಷಣ ಓಡಿಹೋಗುತ್ತವೆ, ಸುಮ್ನೆ ನಿದ್ದೆ ಹಾಳು' ಅಂದರು. ನನ್ನ ಲೆಕ್ಕ ಬೇರೆ. ಅವು ಬೇಗ ಗುರುತಿಸೋದು ಅಲುಗಾಟವನ್ನು. ಕತ್ತಲಲ್ಲೇ ಹೋಗಿ ಕೂತು, ಬೆಳಕಾಗುವಾಗ ನಾನೂ ಒಂದು ಕಲ್ಲಿನಂತೆ ಇದ್ದರೆ?

ಹುಲ್ಲುಗಾವಲಿನ ಕೆಳಗೆ ಸುಮಾರು 70 ಹೆಜ್ಜೆ ದೂರದಲ್ಲಿ, ಬಂಡೆಗೆ ಬೆನ್ನು ಕೊಟ್ಟು ಕೂತೆ. ಸೂರ್ಯೋದಯಕ್ಕೆ ಒಂದೂಕಾಲು ಗಂಟೆ ಮೊದಲು. ಟ್ರೈಪಾಡ್ ಇಲ್ಲ, ಮೊಣಕಾಲ ಮೇಲೆ ಕಾಳು ತುಂಬಿದ ಚೀಲ (ಬೀನ್ ಬ್ಯಾಗ್), ಅದರ ಮೇಲೆ ಹಳೆಯ 300 ಎಂಎಂ ಎಫ್ 4 ಲೆನ್ಸ್. ಚಳಿಗೆ ಬೇಗ ಖಾಲಿಯಾಗದಿರಲಿ ಅಂತ ಬ್ಯಾಟರಿ ಎದೆ ಜೇಬಿನಲ್ಲಿ. ಬಟ್ಟೆ ವಾಸನೆಗೆ ನಾನೇನು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಕಷ್ಟಪಟ್ಟು ಕಲಿತದ್ದು.

ಮೊದಲು ಕಲ್ಲು ಉರುಳಿದ ಸದ್ದು. ಆಮೇಲೆ ಹುಲ್ಲು ಕೀಳುವ ಚರ್ ಚರ್. ಒಂಬತ್ತು ಮೇಕೆ, ಎರಡು ಮರಿ. ದೊಡ್ಡದೊಂದು ತಲೆಯೆತ್ತಿ ನನ್ನ ಕಡೆಯೇ ನೋಡಿತು. ಉಸಿರು ಬಿಗಿಹಿಡಿದೆ. ಅದರ ಗಡ್ಡದ ತುದಿಯಲ್ಲಿ ಇಬ್ಬನಿ ಹನಿ ತೂಗುತ್ತಿತ್ತು. ಬಳಿಕ ತಲೆ ತಗ್ಗಿಸಿ ಮೇಯತೊಡಗಿತು. ಶಟರ್ 1/125 ಸೆಕೆಂಡ್, ಐಎಸ್‌ಓ 6400. ಮೇಕೆಗಳು ನೀಲಿ ನೆರಳಿನಲ್ಲಿ, ಹಿಂದೆ ಶಿಖರಕ್ಕೆ ಮಾತ್ರ ಕೆಂಪು ಬಿಸಿಲು. ಮೇಲೆ ಕೂತವರಿಗೆ ಈ ಫ್ರೇಮ್ ಸಿಗೋದೇ ಇಲ್ಲ. ನನ್ನ ಫೋಟೋಗಳಲ್ಲಿ ಇದೇ ಅತ್ಯುತ್ತಮ ಅಂತ ಧೈರ್ಯವಾಗಿ ಹೇಳುತ್ತೇನೆ. ಆಮೇಲೆ ಹೋದ ಆರು ಸಲದಲ್ಲಿ ನಾಲ್ಕು ಸಲ ಸಿಕ್ಕಿವೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕಣಿವೆಯ ಮಂಜಿಗೆ ಎರಡನೇ ಕ್ಯಾಮೆರಾದಲ್ಲಿ, ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ಸೇರಿಸಿ ವಿಡಿಯೋ ಆಗಿಸುವ ಟೈಮ್‌ಲ್ಯಾಪ್ಸ್ ಇಟ್ಟೆ. ಮೊದಲ ಸಲ ಅರ್ಧ ಗಂಟೆಗೇ ಲೆನ್ಸ್ ಮೇಲೆ ಇಬ್ಬನಿ ಕೂತು ಎಲ್ಲ ಹಾಳು. ಈಗ ಕೈ ಬೆಚ್ಚಗಿಡುವ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಿಂದ ಲೆನ್ಸಿಗೆ ಕಟ್ಟುತ್ತೇನೆ, ಬಿಸಿಲು ಬರುವವರೆಗೂ ಮಂಜುಗಟ್ಟಲ್ಲ. ಅಡಗಿ ಕೂರಲು ಕೊಂಡ ಮರೆಬಟ್ಟೆ ಗಾಳಿಗೆ ಪಟಪಟ ಅಂತು, ಒಂದೇ ದಿನಕ್ಕೆ ಬಿಟ್ಟೆ.

ಇಳಿಜಾರಿಗೆ ಬಿಸಿಲು ಬಿದ್ದು ಅರ್ಧ ಮುಕ್ಕಾಲು ಗಂಟೆಗೆ ಗಾಳಿ ತಿರುಗುತ್ತೆ, ಮೇಲಕ್ಕೆ ಬೀಸಲು ಶುರು. ಚಿಟಿಕೆ ಪೌಡರ್ ಊದಿ ನೋಡುತ್ತಿರುತ್ತೇನೆ. ಅದು ಮೇಲೆ ತೇಲಿತೋ, ಬಾಗಿಕೊಂಡೇ ಹಿಂದೆ ಸರಿಯುತ್ತೇನೆ. ಮೇಕೆ ಕಾಲು ಬಡಿದು ಸಿಳ್ಳೆ ಹೊಡೆಯುವವರೆಗೆ ಕಾಯಬಾರದು, ಮರಿಗಳಿರುವ ಗುಂಪನ್ನು ಬಂಡೆಗೆ ಓಡಿಸಿ ಪಡೆದ ಫೋಟೋ ನನಗೆ ಬೇಡ. ಅದೇ ಮೇಲ್ಗಾಳಿ ಜೋರಾದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಏರುತ್ತವೆ, ಉಳಿದ ಬೆಳಗ್ಗೆ ಅವಕ್ಕೆ.

ಈಗ ಪಡುವಣ ಇಳಿಜಾರಿನಲ್ಲಿ ನೋಡುತ್ತಿದ್ದೇನೆ. ಅಲ್ಲಿ ಬಿಸಿಲು ತಡ, ಹಾಗಾಗಿ ಗಾಳಿ ತಿರುಗೋದೂ ತಡ. ಮೂರು ಸಲದ ನೆನಪಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಜಾಸ್ತಿ ಸಿಕ್ಕಿದೆ. ಮೇಕೆಗಳು ಆ ಕಡೆ ಯಾವಾಗ ದಾಟುತ್ತವೆ ಅಂತ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೇನೆ.